ಮರುದಿನದ ಪುಟ

ಜೂನ್ ಹದಿನೈದರ ಪತ್ರಿಕೆಯಲ್ಲಿ ನಾಲ್ಕನೇ ಪುಟ ಮಗುಚಿದರೆ ಏಳನೇ ಪುಟ ಬಂತು. ಐದಿಲ್ಲ. ಆರಿಲ್ಲ.

ಸುದ್ದಿ ಸಂಪಾದಕ ರಾಯ್‌ಸ್ಟನ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆಗಲೂ ಐದು ಬರಲಿಲ್ಲ.

"ಬ್ಲೇಡಿನಲ್ಲಿ ಕತ್ತರಿಸಿದ್ದಾರೆ," ಎಂದರು.

ಮಣ್ಣಗುಡ್ಡದ 'ಪಡುಗಾಳಿ' ಪತ್ರಿಕೆಯ ಕಚೇರಿ. ನೆಲಮಹಡಿಯ ಫೈಲ್ ರೂಮು. ಸೋಮವಾರ ಬೆಳಗ್ಗೆ ಹತ್ತೂವರೆ. ಮೇಜಿನ ಮೇಲೆ 1999ರ ಜೂನ್ ತಿಂಗಳ ಪತ್ರಿಕೆಗಳನ್ನೆಲ್ಲ ಸೇರಿಸಿ ಹೊಲಿದ ದಪ್ಪ ಬೈಂಡು. ಅದರ ಸುತ್ತ ನಾಲ್ವರು. ರಾಯ್‌ಸ್ಟನ್. ಫೈಲ್ ರೂಮಿನ ಚೆನ್ನಪ್ಪ, ಕೈಯಲ್ಲಿ ಧೂಳು ಒರೆಸುವ ಬಟ್ಟೆ. ವರದಿಗಾರ್ತಿ ಭವ್ಯಶ್ರೀ. ಮತ್ತೆ, ವಕೀಲರ ಪತ್ರ ಹಿಡಿದು ಬಂದ ಮನ್ವಿತಾ.

ಮನ್ವಿತಾ ತೆಂಕಬೈಲು ಬೀಡಿನವಳು. ಬೀಡು ಎಂದರೆ ಹಿಂದೆ ಅರಮನೆ. ಈಗ ರಾಜ್ಯವೂ ಇಲ್ಲ, ಕಪ್ಪವೂ ಇಲ್ಲ. ಆದರೂ ಪಟ್ಟ ಉಂಟು, ಪಟ್ಟದಲ್ಲಿ ಕೂತ ಅರಸರೂ ಇದ್ದಾರೆ. ಎಪ್ಪತ್ತು ದಾಟಿದ ಜಯಪಾಲ ಅರಸರು. ಮನ್ವಿತಾಳ ಸೋದರಮಾವ.

ಮೂರು ವಾರದ ಹಿಂದಿನ ಭಾನುವಾರ, ಭವ್ಯಶ್ರೀಯ ಹೆಸರು ಹೊತ್ತು ಮುಖಪುಟದಲ್ಲಿ ಒಂದು ವರದಿ ಬಂದಿತ್ತು. 'ಅರಸರ ಹಳೆ ಚಾಳಿ: ಆಗ ಕೆರೆ, ಈಗ ಮೈದಾನ.' ಜಯಪಾಲ ಅರಸರು ಊರಿನ ಶಾಲೆಯ ಮೈದಾನವನ್ನು ರೆಸಾರ್ಟಿನವರಿಗೆ ಕೊಡಲು ಹೊರಟಿದ್ದಾರೆ ಎಂದು ಯಾರೋ ಸಹಿ ಇಲ್ಲದ ದೂರು ಬರೆದಿದ್ದರು. ಸಹಿ ಇಲ್ಲದ ದೂರಿಗೆ ಮೂರು ಕಾಸಿನ ಬೆಲೆ ಇಲ್ಲ. ಆದರೆ 1999ರಲ್ಲಿ ಇದೇ ಅರಸರು ಲಂಚ ತಿಂದು ಬೀಡಿನ ಕೆರೆ ಜಾಗ ಮಾರಿದ್ದರು ಎಂಬುದಕ್ಕೆ ಮೂರು ಆಧಾರ ಸಿಕ್ಕಿದ್ದವು. ಒಂದು, ಜೂನ್ ಹದಿನಾಲ್ಕರ 'ಪಡುಗಾಳಿ'ಯದೇ ವರದಿ. ಎರಡು, ಊರಿನ ಚರಿತ್ರೆಯ ಒಂದು ಪುಸ್ತಕ. ಮೂರು, ಅಂತರ್ಜಾಲದ ವಿಶ್ವಕೋಶ. ಮೂರು ಕಡೆ ಒಂದೇ ಮಾತು. ಬೆಂಕಿ ಇಲ್ಲದೆ ಹೊಗೆಯೇ ಎಂದು ಭವ್ಯಶ್ರೀ ಬರೆದು ಮುಗಿಸಿದ್ದಳು.

"ಹದಿನಾಲ್ಕನೇ ತಾರೀಖಿನ ವರದಿ ಇಲ್ಲೇ ಉಂಟಲ್ಲ," ಎಂದರು ರಾಯ್‌ಸ್ಟನ್, ಬೈಂಡಿನ ಮೇಲೆ ಬೆರಳಿಟ್ಟು. "ನಿಮಗೆ ಹದಿನೈದು ಎಂತಕ್ಕೆ?"

"ಮರುದಿನ ಐದನೇ ಪುಟದಲ್ಲಿ ತಿದ್ದುಪಡಿ ಬಂದಿತ್ತು. ಮಾವನ ಹೆಸರು ತಪ್ಪಿ ಬಿದ್ದದ್ದು ಅಂತ ನಿಮ್ಮವರೇ ಹಾಕಿದ್ರು," ಎಂದಳು ಮನ್ವಿತಾ.

"ಯಾರು ಹೇಳಿದ್ದು?"

"ಅಮ್ಮ. ಗುಣವತಿ. ಅವರಿಗೆ ಸರಿಯಾಗಿ ನೆನಪುಂಟು."

ರಾಯ್‌ಸ್ಟನ್ ಭವ್ಯಶ್ರೀಯ ಮುಖ ನೋಡಿದರು. ವರದಿ ಬಂದ ಮರುದಿನವೇ ಗುಣವತಿಯಮ್ಮ ಫೋನ್ ಮಾಡಿ ಇದನ್ನೇ ಹೇಳಿದ್ದರು. ಭವ್ಯಶ್ರೀ ವಿನಯದಿಂದ ಕೇಳಿ, ವಿನಯದಿಂದ ಫೋನ್ ಇಟ್ಟಿದ್ದಳು. ಆರೋಪ ಬಂದವರ ಒಡಹುಟ್ಟಿದ ತಂಗಿ. ಮನೆಯವರ ಮಾತನ್ನು ಆಧಾರ ಎಂದು ಯಾರು ಹಿಡಿಯುತ್ತಾರೆ?

"ಶನಿವಾರ ನೀವು ಇಲ್ಲಿಗೆ ಬಂದಿದ್ರಿ," ಎಂದರು ರಾಯ್‌ಸ್ಟನ್. "ಗೇಟಿನ ರಿಜಿಸ್ಟರ್‌ನಲ್ಲಿ ಉಂಟು. ಮೂರು ಹತ್ತರಿಂದ ಮೂರು ಮುಕ್ಕಾಲು. ಇದೇ ಬೈಂಡು ನೋಡಿದ್ರಿ. ಅಲ್ವಾ ಚೆನ್ನಪ್ಪ?"

"ಹೌದು ಸರ್. ಬಂದಿದ್ರು." ಚೆನ್ನಪ್ಪ ಬಟ್ಟೆಯನ್ನು ಮಡಚಿದ. ಮತ್ತೆ ಬಿಡಿಸಿದ.

ಮನ್ವಿತಾಳ ಮುಖ ಕೆಂಪಾಯಿತು. "ನೋಡಿ ಸರ್, ಶನಿವಾರ ನಾನು ನೋಡಿದ್ದು ಹದಿನಾಲ್ಕನೇ ತಾರೀಖು ಮಾತ್ರ. ಅದರ ಫೋಟೋ ತೆಗೆದು ಹೋದೆ. ಮರುದಿನದ್ದು ನೋಡ್ಬೇಕಿತ್ತು ಅಂತ ಅಮ್ಮ ಬೈದದ್ದು ಮನೆಗೆ ಹೋದ ಮೇಲೆ. ಇನ್ನು, ನಾನು ಕದಿಯುವುದಾದರೆ ಮಾವನಿಗೆ ಮಸಿ ಬಳಿದ ಪುಟ ಕದಿಯುತ್ತಿದ್ದೆ. ಮಸಿ ಒರೆಸಿದ ಪುಟ ಕದ್ದು ನನಗೆಂತ ಲಾಭ?"

ಮನ್ವಿತಾ ವಕೀಲರ ಪತ್ರವನ್ನು ಬೈಂಡಿನ ಪಕ್ಕ ಇಟ್ಟಳು.

"ಮೂರು ವಾರದಿಂದ ಮಾವ ಚಾವಡಿಯ ಮೆಟ್ಟಿಲು ಇಳಿದಿಲ್ಲ," ಎಂದಳು ಅವಳು, ಈ ಸಲ ಭವ್ಯಶ್ರೀಯನ್ನೇ ನೋಡಿ. "ಶಾಲೆಯವರು ವಾರ್ಷಿಕೋತ್ಸವದ ಆಮಂತ್ರಣ ಕಾಗದದಿಂದ ಅವರ ಹೆಸರು ತೆಗೆದ್ರು. ಮೂವತ್ತು ವರ್ಷದಿಂದ ದೀಪ ಹಚ್ಚುತ್ತಿದ್ದದ್ದು ಅವರು. ಗುರುವಾರ ಬೆಳಗ್ಗೆ ಹತ್ತಕ್ಕೆ ಊರಿನ ದೊಡ್ಡ ಮನೆತನದ, ಗುತ್ತುಮನೆಯ ಹಿರಿಯರೆಲ್ಲ ಬರ್ತಾರೆ. ಪಟ್ಟ ಬಿಟ್ಟು ಇಳಿಯಿರಿ ಅಂತ ಹೇಳ್ಲಿಕ್ಕೆ. ನಿಮ್ಮ ಪೇಪರ್ ಕೈಯಲ್ಲಿ ಹಿಡ್ಕೊಂಡೇ ಬರ್ತಾರೆ."

ಅವಳು ಹೋದಳು. ಫ್ಯಾನ್ ತಿರುಗುತ್ತಿತ್ತು. ಬೈಂಡಿನ ಹಳದಿ ಹಾಳೆಗಳು ಏಳಲೋ ಬೇಡವೋ ಎಂಬಂತೆ ಅಲುಗಿದವು.

"ಬುಧವಾರ ಸಂಜೆಯೊಳಗೆ ನಂಗೆ ಗೊತ್ತಾಗ್ಬೇಕು," ಎಂದರು ರಾಯ್‌ಸ್ಟನ್. "ತಿದ್ದುಪಡಿ ಬಂದಿತ್ತಾ ಇಲ್ವಾ. ಪುಟ ಕತ್ತರಿಸಿದ್ದು ಯಾರು. ಪೊಲೀಸರಿಗೆ ಆಮೇಲೆ ಹೇಳುವ. ಮೊದಲು ನೀನು ನೋಡು ಭವ್ಯ. ವರದಿ ನಿನ್ನದು."

ವರದಿ ಅವಳದೇ. ಆದರೆ ಈ ಬೈಂಡನ್ನು ಅವಳು ಕಣ್ಣಾರೆ ನೋಡುತ್ತಿರುವುದು ಇವತ್ತೇ ಮೊದಲು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

* * *

ಮನುಷ್ಯನ ಮನಸ್ಸು ವಿಚಿತ್ರ. ಮನ್ವಿತಾ ಹೇಳಿದ್ದರಲ್ಲಿ ನ್ಯಾಯ ಇತ್ತು. ಆದರೂ ಭವ್ಯಶ್ರೀ ಆ ಮಧ್ಯಾಹ್ನವಿಡೀ ಒಂದೇ ಬೇಡಿಕೊಂಡಳು. ಅವಳೇ ಆಗಿರಲಿ ದೇವರೇ. ಅವಳೇ ಕತ್ತರಿಸಿರಲಿ. ಆಗ ತಿದ್ದುಪಡಿ ಎಂಬುದು ಕಟ್ಟುಕಥೆಯಾಗುತ್ತದೆ. ತನ್ನ ವರದಿ ಉಳಿಯುತ್ತದೆ.

ಬೇಡಿಕೊಂಡ ಮೇಲೆ ನಾಚಿಕೆಯೂ ಆಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಎಂದರೆ ಇದೇ.

ಜೂನ್ ಹದಿನೈದರ ಇನ್ನೊಂದು ಪ್ರತಿ ಎಲ್ಲಾದರೂ ಇದೆಯೇ ಎಂದು ಹುಡುಕಿದಳು. ಪತ್ರಿಕೆಯ ಕಂಪ್ಯೂಟರ್ ಸಂಗ್ರಹ ಶುರುವಾದದ್ದೇ 2006ರಿಂದ. ಗೋಡೌನಿನ ಪ್ರತಿಗಳು ಒಂದು ಮಳೆಗಾಲದಲ್ಲಿ ನೆನೆದು ಮುದ್ದೆಯಾಗಿದ್ದವು. ಬೆಂಗಳೂರಿನಿಂದ ತರಿಸಲು ಹದಿನೈದು ದಿನ ಬೇಕು. ಕೈಯಲ್ಲಿದ್ದದ್ದು ಎರಡೂವರೆ.

ಹಾಗಾದರೆ ತನ್ನ ಆಧಾರಗಳನ್ನೇ ಒಮ್ಮೆ ತಟ್ಟಿ ನೋಡುವುದು.

ಪುಸ್ತಕ ಬರೆದವರು ಮುಮ್ತಾಝ್, ನಿವೃತ್ತ ಚರಿತ್ರೆ ಉಪನ್ಯಾಸಕಿ. ಭವ್ಯಶ್ರೀ ಫೋನ್ ಮಾಡಿದಳು.

"ಮೇಡಂ, ಕೆರೆ ಜಾಗದ ವಿಷಯ ನಿಮಗೆ ಯಾರು ಹೇಳಿದ್ದು?"

"ನೀವೇ ಹೇಳಿದ್ದಲ್ವಾ ಮಾರಾಯ್ರೆ!" ಎಂದರು ಮುಮ್ತಾಝ್. "ನಿಮ್ಮ ಪೇಪರಿನಿಂದ ತೆಗೆದದ್ದು ನಾನು. ಪುಟದ ಕೆಳಗೆ ಅಡಿಟಿಪ್ಪಣಿ ಉಂಟು ನೋಡಿ. ನೀವು ನೋಡ್ಲಿಲ್ವಾ?"

ನೋಡಿರಲಿಲ್ಲ. ಅಕ್ಷರ ಇರುವೆ ಗಾತ್ರದ್ದು. 'ಪಡುಗಾಳಿ, 14 ಜೂನ್ 1999.'

ವಿಶ್ವಕೋಶದ ಪುಟ ತೆರೆದಳು. ಆ ವಾಕ್ಯದ ಕೊನೆಯಲ್ಲಿ ಸಣ್ಣ ಅಂಕಿ. ಒತ್ತಿದರೆ ಮುಮ್ತಾಝ್ ಅವರ ಪುಸ್ತಕದ ಹೆಸರು ಬಂತು. ಅದರ ಪಕ್ಕದಲ್ಲೇ ಇನ್ನೊಂದು ಅಂಕಿ, ಇತ್ತೀಚೆಗೆ ಯಾರೋ ಸೇರಿಸಿದ್ದು. ಅದನ್ನೂ ಒತ್ತಿದಳು. ಮೂರು ವಾರದ ಹಿಂದಿನ ಅವಳದೇ ವರದಿ.

ಅವಳು ಪರದೆಯನ್ನು ನೋಡುತ್ತ ಕೂತಳು. ಮೂರು ಕೊಡ ನೀರು ಎಂದುಕೊಂಡದ್ದು ಒಂದೇ ಬಾವಿಯದು. ಈಗ ಆ ಬಾವಿಗೆ ಅವಳೇ ಒಂದು ಕೊಡ ತಿರುಗಿ ಸುರಿದಿದ್ದಳು.

* * *

ಮಂಗಳವಾರ ಬೆಳಗ್ಗೆ ಬಜಪೆ. ವಿಮಾನ ನಿಲ್ದಾಣದ ರಸ್ತೆಯಲ್ಲಿ ಸುಜಿತನ ಹೋಟೆಲು.

ಸುಜಿತನೂ ಬೀಡಿನ ಕುಟುಂಬದವನೇ, ಇನ್ನೊಂದು ಕವಲಿನವನು. ಅಲ್ಲಿ ಅಳಿಯಕಟ್ಟು. ಪಟ್ಟ ಹೋಗುವುದು ಮಗನಿಗಲ್ಲ, ತಾಯಿಯ ಕಡೆಯ ಗಂಡಿಗೆ. ಗುಣವತಿಯಮ್ಮನಿಗೆ ಗಂಡು ಮಕ್ಕಳಿಲ್ಲ. ಜಯಪಾಲ ಅರಸರು ಇಳಿದರೆ ಏರುವವನು ಸುಜಿತ್. 1999ರ ಜೂನ್ ಹದಿನಾಲ್ಕನ್ನು ನೋಡಿ ಎಂದು ಭವ್ಯಶ್ರೀಯ ಕಿವಿಯಲ್ಲಿ ಹಾಕಿದವನೂ ಇವನೇ.

"ಕಾಫಿ ತಗೊಳ್ಳಿ," ಎಂದ. ಬಿಳಿ ಅಂಗಿ, ನಗುಮುಖ.

"ಬೇಡ. ಶುಕ್ರವಾರ ನೀವು ನಮ್ಮ ಆಫೀಸಿಗೆ ಬಂದಿದ್ರಿ."

"ಹೌದು. ಜಾಹೀರಾತು ಕೊಡ್ಲಿಕ್ಕೆ. ಹೋಟೆಲಿನ ವಾರ್ಷಿಕೋತ್ಸವ."

"ಜಾಹೀರಾತಿನ ಕೌಂಟರಿನ ಪಕ್ಕವೇ ಫೈಲ್ ರೂಮು."

"ಓಹೋ." ಸುಜಿತ್ ನಗುತ್ತಲೇ ಒರಗಿಕೊಂಡ. "ಪುಟ ಕತ್ತರಿಸಿದ್ದು ನಾನು ಅಂತಲಾ? ಮನ್ವಿತಾ ಊರಿಡೀ ಹೇಳ್ತಾ ಇದ್ದಾಳೆ. ನೋಡಿ, ಶನಿವಾರ ಅವಳು ಬಂದಾಗ ಆ ಪುಟ ಇತ್ತಾ ಇಲ್ವಾ ಅಂತ ಮೊದಲು ಕೇಳಿ. ಶುಕ್ರವಾರ ರಾತ್ರಿಯ ಫ್ಲೈಟಿಗೆ ನಾನು ಮಸ್ಕತ್‌ಗೆ ಹೋದವ. ಭಾವನ ಮಗಳ ಮದುವೆ. ಬಂದದ್ದು ನಿನ್ನೆ ಸಂಜೆ."

ಪಾಸ್‌ಪೋರ್ಟ್ ತಂದು ಮೇಜಿನ ಮೇಲೆ ಇಟ್ಟ. ಮುದ್ರೆಗಳು ಸರಿ ಇದ್ದವು. ಶುಕ್ರವಾರ ಅವನು ಕೌಂಟರಿನಲ್ಲಿ ಇದ್ದದ್ದು ಹತ್ತೇ ನಿಮಿಷ ಎಂದು ಜಾಹೀರಾತು ವಿಭಾಗದ ಎಸ್ತೆರ್ ಮೊದಲೇ ಹೇಳಿದ್ದಳು. ಅವಳ ಕಣ್ಣು ತಪ್ಪಿಸಿ ಒಳಗೆ ಹೋಗಲು ದಾರಿ ಇಲ್ಲ.

"ಇನ್ನೊಂದು ಪ್ರಶ್ನೆ. ಇಪ್ಪತ್ತೈದು ವರ್ಷ ಹಿಂದಿನ ತಾರೀಖು ನಿಮಗೆ ಅಷ್ಟು ಸರಿಯಾಗಿ ಹೇಗೆ ನೆನಪು?"

ಈ ಸಲ ನಗು ಒಂದು ಗಳಿಗೆ ತಡವಾಗಿ ಬಂತು. "ಅಪ್ಪ ಹೇಳ್ತಿದ್ರು."

"ಮರುದಿನದ ವಿಷಯ ಹೇಳ್ಲಿಲ್ವಾ?"

ಹೊರಗೆ ಒಂದು ವಿಮಾನ ಇಳಿಯಿತು. ಗಾಜು ಗುಂಯ್‌ಗುಟ್ಟಿತು. ಸದ್ದು ಅಡಗುವ ತನಕ ಸುಜಿತ್ ಕಾಯ್ದ.

"ನಾನು ಒಂದು ತಾರೀಖು ಹೇಳಿದೆ. ಅಷ್ಟೆ. ಬರೀಲಿಲ್ಲ ಮಾರಾಯ್ರೆ. ಬರ್ದದ್ದು ನೀವು."

ಅವಳು ಎದ್ದು ಬಂದಳು. ಬಜಪೆಯಿಂದ ಮಣ್ಣಗುಡ್ಡದ ತನಕ ಬಸ್ಸಿನ ಕಿಟಕಿಗೆ ತಲೆ ಒರಗಿಸಿ ಅದೇ ಮಾತನ್ನು ಅಗಿದಳು. ಕಹಿಯಾದರೂ ನಿಜ.

* * *

ಮಧ್ಯಾಹ್ನ ಫೈಲ್ ರೂಮಿಗೆ ಬೀಗ. ಚೆನ್ನಪ್ಪ ರಜೆ ಹಾಕಿದ್ದ. ಮೊಣಗಂಟು ನೋವಂತೆ. ಎಸ್ತೆರ್ ಬಳಿ ಇನ್ನೊಂದು ಕೀಲಿ ಇತ್ತು.

ಚೆನ್ನಪ್ಪನಿಲ್ಲದ ಆ ಕೋಣೆಯನ್ನು ಭವ್ಯಶ್ರೀ ಎಂದೂ ಕಂಡಿರಲಿಲ್ಲ. ಆರು ವರ್ಷದ ಹಿಂದೆ ಹೊಸದಾಗಿ ಸೇರಿದಾಗ ಅವಳನ್ನು ಈ ಮೇಜಿನ ಮುಂದೆ ಕೂರಿಸಿ ಹಳೆ ವರದಿ ತೆಗೆಯುವುದು ಹೇಗೆ ಎಂದು ಕಲಿಸಿದವನು ಅವನು. ಒಂದೊಂದು ಹೆಸರಿಗೆ ಒಂದೊಂದು ಕಾರ್ಡು. ಕಾರ್ಡಿನಲ್ಲಿ ವರದಿಯ ತಾರೀಖು, ಪುಟ. ಆ ವರದಿಗೆ ತಿದ್ದುಪಡಿ ಬಂದಿದ್ದರೆ ಅದೇ ಸಾಲಿನ ಮುಂದೆ ಕೆಂಪು ಶಾಯಿ. 'ಇವತ್ತಿನ ಪೇಪರಿಗೆ ನಾಳೆಯ ಪೇಪರೇ ಸಾಕ್ಷಿ. ಮರುದಿನದ್ದು ನೋಡದೆ ಯಾವುದನ್ನೂ ಎತ್ತಬೇಡ ಮಗಾ.' ಹೊಸಬರಿಗೆಲ್ಲ ಅವನು ಹೇಳುತ್ತಿದ್ದ ಮಂತ್ರ ಅದು. ಹುಡುಗರು ಹಿಂದಿನಿಂದ ನಗುತ್ತಿದ್ದರು.

ಮೂರು ವಾರದ ಹಿಂದಿನ ಆ ಶುಕ್ರವಾರ ಅವಳು ಮಾಡಿದ್ದೇನು? ಮೇಲಿನ ಮಹಡಿಯಿಂದಲೇ ಚೆನ್ನಪ್ಪನಿಗೆ ಫೋನ್ ಮಾಡಿದ್ದಳು. ಅವನು ಲಕೋಟೆಯಲ್ಲಿದ್ದ ಹಳೆ ಕಟಿಂಗಿನ ಫೋಟೋ ತೆಗೆದು ಕಳಿಸಿದ್ದ. ಕಳಿಸಿ ಹೇಳಿದ್ದ:

"ಕಾರ್ಡಿನಲ್ಲಿ ಕೆಂಪು ಇಲ್ಲ. ಆದರೂ ನಾಳೆ ಬಾ ಮಗಾ, ಬೈಂಡು ಇಳಿಸ್ತೇನೆ. ಮರುದಿನದ್ದೂ ನೋಡಿಬಿಡುವ."

"ನಾಳೆ ಪುಟ ಪ್ರೆಸ್ಸಿಗೆ ಹೋಗ್ಲಿಕ್ಕುಂಟು ಚೆನ್ನಪ್ಪಣ್ಣ. ಇಷ್ಟು ಸಾಕು."

ಇಷ್ಟು ಸಾಕು. ಎರಡೇ ಶಬ್ದ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ಬೈಂಡನ್ನು ತೆರೆದಳು. ಸೋಮವಾರ ಎಲ್ಲರೂ ಪುಟ ಇಲ್ಲ ಎಂಬುದನ್ನಷ್ಟೇ ನೋಡಿದ್ದರು. ಕತ್ತರಿಸಿದ ಜಾಗವನ್ನು ಯಾರೂ ಸರಿಯಾಗಿ ನೋಡಿರಲಿಲ್ಲ.

ಗೆರೆ ನೇರ ಇತ್ತು. ಸ್ಕೇಲು ಇಟ್ಟು ಎಳೆದ ಬ್ಲೇಡು. ಹೊಲಿಗೆಯ ಬುಡದವರೆಗೆ ಹೋಗದೆ ಒಂದು ಬೆರಳಿನಷ್ಟು ಅಂಚು ಬಿಟ್ಟಿದ್ದರು. ಬುಡಕ್ಕೇ ಕತ್ತರಿಸಿದರೆ ಹೊಲಿಗೆ ಸಡಿಲವಾಗಿ ಅಕ್ಕಪಕ್ಕದ ಹಾಳೆ ಉದುರುತ್ತದೆ.

ಆ ಅಂಚನ್ನು ಬೆರಳಿನಲ್ಲಿ ಸವರಿದಳು. ನಯವಾಗಿತ್ತು. ಉದ್ದಕ್ಕೂ ತೆಳು ಬಿಳಿ ಕಾಗದದ ಪಟ್ಟಿ ಅಂಟಿಸಿತ್ತು, ಕತ್ತರಿಸಿದ ಅಂಚು ಮುಂದೆ ಸೀಳದ ಹಾಗೆ. ಪಟ್ಟಿಯ ಬದಿಯಲ್ಲಿ ಅಂಟು ಒಸರಿದ ಕಡೆ ಮಸುಕು ನೀಲಿ ಬಣ್ಣ.

ಅವಳು ತಲೆ ಎತ್ತಿ ಕಿಟಕಿ ನೋಡಿದಳು.

ಕಿಟಕಿಯ ಮೇಲೆ ಚೆನ್ನಪ್ಪನ ಅಂಟಿನ ಡಬ್ಬಿ ಇತ್ತು. ಮೈದಾ ಹಿಟ್ಟು ಕುದಿಸಿ ಮಾಡಿದ ಅಂಟು. ಹುಳು ಬಾರದಿರಲು ಅದಕ್ಕೆ ಒಂದು ಚಿಟಿಕೆ ಮೈಲುತುತ್ತು ಹಾಕುವುದು ಅವನ ಕ್ರಮ. ಅದರಿಂದಲೇ ಆ ನೀಲಿ. ಅಂಗಡಿಯ ಗೋಂದಿಗೆ ಆ ಬಣ್ಣ ಇಲ್ಲ.

ಕತ್ತರಿಸಿದ ಜಾಗದ ಮೂಲೆಯಲ್ಲಿ ಬಟ್ಟೆಯಲ್ಲಿ ಕಟ್ಟಿದ ಎರಡು ನುಸಿಗುಳಿಗೆಯೂ ಇತ್ತು. ಹೊಸತು. ಇನ್ನೂ ದುಂಡಗೆ.

ಕದಿಯಲು ಬಂದವನು ಕದ್ದು ಓಡುತ್ತಾನೆ. ಗಾಯಕ್ಕೆ ಪಟ್ಟಿ ಕಟ್ಟಿ, ಮದ್ದು ಇಟ್ಟು ಹೋಗುವುದಿಲ್ಲ. ಮೂವತ್ತನಾಲ್ಕು ವರ್ಷ ಈ ಹಾಳೆಗಳನ್ನು ಮಕ್ಕಳ ಹಾಗೆ ಸಾಕಿದವನಿಗೆ ಮಾತ್ರ ಹಾಗೇ ಬಿಟ್ಟು ಹೋಗಲು ಮನಸ್ಸು ಬರುವುದಿಲ್ಲ.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಭವ್ಯಶ್ರೀ ಕುರ್ಚಿಯಲ್ಲಿ ಕೂತು ಸಣ್ಣ ಮಗುವಿನಂತೆ ಅತ್ತಳು.

* * *

ಬುಧವಾರ ಬೆಳಗ್ಗೆ ಶಕ್ತಿನಗರ. ಏರು ರಸ್ತೆಯ ಕೊನೆಯಲ್ಲಿ ಹೆಂಚಿನ ಮನೆ. ಚೆನ್ನಪ್ಪನ ಹೆಂಡತಿ ದೇಯಿ ಅಂಗಳದಲ್ಲಿ ಬಟ್ಟೆ ಹರವುತ್ತಿದ್ದಳು.

"ಬಲ ಮಗಾ, ಬಾ. ಒಳಗೆ ಇದ್ದಾರೆ. ಎರಡು ದಿನ ಆಯ್ತು, ಗಂಜಿಯೂ ಮುಟ್ಲಿಲ್ಲ. ಕಾಲು ನೋವಿಗೆ ಯಾರಾದ್ರೂ ಊಟ ಬಿಡ್ತಾರಾ?"

ಚೆನ್ನಪ್ಪ ಜಗಲಿಯಲ್ಲಿ ಕೂತಿದ್ದ. ಅವಳನ್ನು ಕಂಡು ಎದ್ದ. ಎದ್ದವನ ಕಾಲಿನಲ್ಲಿ ನೋವೇನೂ ಕಾಣಲಿಲ್ಲ.

"ಚೆನ್ನಪ್ಪಣ್ಣ, ಆ ಪುಟ ಕೊಡಿ," ಎಂದಳು ಭವ್ಯಶ್ರೀ.

"ಯಾವ ಪುಟ ಮಗಾ?"

"ನೀವು ಅದನ್ನು ಸುಟ್ಟಿಲ್ಲ. ಹರಿದೂ ಇಲ್ಲ. ನಿಮ್ಮಿಂದ ಆಗ್ಲಿಕ್ಕೆ ಸಾಧ್ಯವೇ ಇಲ್ಲ. ರದ್ದಿಗೆ ಒಂದು ಪುರವಣಿ ಕೊಟ್ಟರೂ ಎರಡು ದಿನ ಬೇಜಾರು ಮಾಡುವವರು ನೀವು."

ಚೆನ್ನಪ್ಪ ಮತ್ತೆ ಜಗಲಿಯಲ್ಲಿ ಕೂತ.

"ಮನ್ವಿತಾ ಶನಿವಾರ ಇದ್ದಷ್ಟು ಹೊತ್ತೂ ನೀವು ಎದುರಿಗೇ ಕೂತಿದ್ರಿ. ಅವಳು ಪುಟ ಕತ್ತರಿಸಿ, ಪಟ್ಟಿ ಅಂಟಿಸಿ, ಒಣಗಿಸಿ ಹೋಗ್ಲಿಕ್ಕೆ ಆಗ್ತದಾ? ಸುಜಿತ್ ಮಸ್ಕತ್‌ನಲ್ಲಿ ಇದ್ದ. ಅಂಟಿನಲ್ಲಿ ಮೈಲುತುತ್ತು ಉಂಟು ಚೆನ್ನಪ್ಪಣ್ಣ. ಹಾಳೆ ತೆಗ್ದ ಜಾಗಕ್ಕೆ ನುಸಿಗುಳಿಗೆ ಯಾವ ಕಳ್ಳ ಇಡ್ತಾನೆ?"

ದೇಯಿಯ ಕೈಯಲ್ಲಿದ್ದ ಒದ್ದೆ ಪಂಚೆ ಹಾಗೇ ನಿಂತಿತು.

ಚೆನ್ನಪ್ಪ ನಿಧಾನ ಒಳಗೆ ಹೋದ. ಗೋಡೆಯ ಕ್ಯಾಲೆಂಡರ್ ಇಳಿಸಿದ. ಅದರ ಹಿಂದಿನಿಂದ ಪ್ಲಾಸ್ಟಿಕ್ ಹೊದಿಸಿದ ಒಂದು ಅಗಲ ಹಾಳೆ ತೆಗೆದ. ಮಡಚಿರಲಿಲ್ಲ. ಒಂದು ಗೆರೆ ಬಿದ್ದಿರಲಿಲ್ಲ.

ಐದನೇ ಪುಟ. ಕೆಳಗಿನ ಮೂಲೆಯಲ್ಲಿ ಎರಡು ಇಂಚಿನ ಚೌಕ.

'ತಿದ್ದುಪಡಿ. ತೆಂಕಬೈಲು ಬೀಡಿನ ಕೆರೆ ಜಾಗ ಮಾರಾಟದ ಕುರಿತು ನಿನ್ನೆ ಪ್ರಕಟವಾದ ವರದಿಯಲ್ಲಿ ಆರೋಪಿಯ ಹೆಸರು ತಪ್ಪಾಗಿದೆ. ಜಾಗ ಮಾರಿದ ಆರೋಪ ಇರುವುದು ಬೀಡಿನ ಅಂದಿನ ವ್ಯವಸ್ಥಾಪಕ ನೇಮಿರಾಜರ ಮೇಲೆ. ಅವರ ವಿರುದ್ಧ ತಹಶೀಲ್ದಾರರಿಗೆ ದೂರು ಕೊಟ್ಟವರೇ ಜಯಪಾಲ ಅರಸರು. ಪ್ರಮಾದಕ್ಕೆ ವಿಷಾದಿಸುತ್ತೇವೆ.'

ಭವ್ಯಶ್ರೀ ಮೂರು ಸಲ ಓದಿದಳು. ದೂರು ಕೊಟ್ಟವರನ್ನೇ ಅವಳು ಕಳ್ಳ ಎಂದು ಮುಖಪುಟದಲ್ಲಿ ನಿಲ್ಲಿಸಿದ್ದಳು.

"ನೇಮಿರಾಜ ಎಂದರೆ?"

"ಸುಜಿತನ ಅಪ್ಪ. ತೀರಿಹೋಗಿ ಹತ್ತು ವರ್ಷ ಆಯ್ತು."

ಹಾಗೆ ಅದು ಸುಜಿತನಿಗೆ ತಾರೀಖು ನೆನಪಿದ್ದದ್ದು. ಹದಿನಾಲ್ಕು ಗೊತ್ತಿದ್ದವನಿಗೆ ಹದಿನೈದು ಗೊತ್ತಿರದೇ ಇರುತ್ತದೆಯೇ? ಅರ್ಧ ಸತ್ಯ ಕೈಗಿಟ್ಟು, ಉಳಿದರ್ಧವನ್ನು ಈ ಹುಡುಗಿ ಹುಡುಕುವುದಿಲ್ಲ ಎಂದು ಅವನು ಲೆಕ್ಕ ಹಾಕಿದ್ದ. ಲೆಕ್ಕ ತಪ್ಪಲಿಲ್ಲ.

"ಯಾಕೆ ಚೆನ್ನಪ್ಪಣ್ಣ?"

"ಆ ಹದಿನೈದಕ್ಕೆ ನಾನು ರಜೆ," ಎಂದ ಚೆನ್ನಪ್ಪ. ಸ್ವರ ತುಂಬ ಕೆಳಗಿತ್ತು. "ನಮ್ಮ ಮಗಳು ಅನುಷ್ಕಾ ಹುಟ್ಟಿದ ದಿನ. ಆಸ್ಪತ್ರೆಯಲ್ಲಿ ಇದ್ದೆ. ಬಂದ ಮೇಲೆ ಆ ದಿನದ ಕಟಿಂಗ್ ಮಾಡಿದೆ, ಈ ಎರಡು ಇಂಚು ಕಣ್ಣಿಗೆ ಬೀಳ್ಲಿಲ್ಲ. ಕಾರ್ಡಿಗೆ ಕೆಂಪು ಹಾಕ್ಲಿಲ್ಲ. ಮೂವತ್ತನಾಲ್ಕು ವರ್ಷದಲ್ಲಿ ಅದೊಂದು. ಶನಿವಾರ ಆ ಹುಡುಗಿ ಹೋದ ಮೇಲೆ ಬೈಂಡು ಮುಚ್ಚುವಾಗ ಒಂದು ಹಾಳೆ ಮಗುಚಿದೆ. ಆಗ ಕಂಡಿತು."

"ನಂಗೆ ಹೇಳ್ಬಹುದಿತ್ತಲ್ಲ."

"ಹೇಳ್ಬೇಕಿತ್ತು. ಫೋನ್ ಕೈಗೆ ತಗೊಂಡಿದ್ದೆ. ಆಮೇಲೆ ನಿನ್ನ ಹೆಸರು ನೆನಪಾಯ್ತು, ಮುಖಪುಟದಲ್ಲಿ ಅಷ್ಟು ದೊಡ್ಡದು. ನಂಗೆ ಇನ್ನು ಮೂರು ತಿಂಗಳಿಗೆ ರಿಟೈರ್ಡ್. ಎರಡೂ ಉಳೀಲಿ ಅಂತ... ಅರಸರ ನೆನಪು ಬರ್ಲಿಲ್ಲ ಮಗಾ. ನಿಜ ಹೇಳ್ತೇನೆ, ಆ ಹೊತ್ತಿಗೆ ಬರ್ಲಿಲ್ಲ. ಸೋಮವಾರ ಆ ಹುಡುಗಿ ಮೆಟ್ಟಿಲಿನ ವಿಷಯ ಹೇಳಿದ್ಲಲ್ಲ, ಆಗ ಬಂತು. ಬಾಯಿ ತೆರೀಲಿಕ್ಕೆ ಆಗ್ಲಿಲ್ಲ."

ದೇಯಿ ಹೊಸಿಲಲ್ಲಿ ಕೂತುಬಿಟ್ಟಳು.  ಬೈಯಲು ಭವ್ಯಶ್ರೀಗೆ ಅಧಿಕಾರ ಎಲ್ಲಿತ್ತು? ಅವನು ಬೈಂಡು ಇಳಿಸುತ್ತೇನೆ ಎಂದಿದ್ದ. ಇಷ್ಟು ಸಾಕು ಎಂದವಳು ಅವಳು.

* * *

ರಾಯ್‌ಸ್ಟನ್ ಪುಟವನ್ನು ಓದಿ ಮೇಜಿನ ಮೇಲೆ ಇಟ್ಟರು. 

"ಮುಖಪುಟ," ಎಂದರು. "ನಿನ್ನ ವರದಿ ಬಂದ ಜಾಗದಲ್ಲೇ. ಅಷ್ಟೇ ದೊಡ್ಡದು. ನೀನೇ ಬರಿ."

ಭವ್ಯಶ್ರೀ ಬರೆದಳು. ಮೂರು ಆಧಾರ ಎಂದು ತಿಳಿದದ್ದು ಒಂದೇ ಎಂದು ಬರೆದಳು. ಅಡಿಟಿಪ್ಪಣಿ ನೋಡಲಿಲ್ಲ ಎಂದು ಬರೆದಳು. ಗುಣವತಿಯಮ್ಮ ಹೇಳಿದ್ದು ಸರಿ, ಮನೆಯವರು ಎಂಬ ಒಂದೇ ಕಾರಣಕ್ಕೆ ಪರಿಶೀಲಿಸದೆ ತಳ್ಳಿದೆ ಎಂದು ಬರೆದಳು. ಮೈದಾನದ ದೂರಿಗೆ ಸಹಿ ಇಲ್ಲ, ಬೇರೆ ಪುರಾವೆಯೂ ಇಲ್ಲ ಎಂದು ಬರೆದಳು. ಹಳೆ ತಾರೀಖು ಕೊಟ್ಟವರು ಯಾರು, ಅವರಿಗೂ ನೇಮಿರಾಜರಿಗೂ ಏನು ಸಂಬಂಧ ಎಂಬುದನ್ನೂ ಬರೆಯುವುದೆಂದು ರಾಯ್‌ಸ್ಟನ್ ನಿರ್ಧರಿಸಿದರು. ಸುಜಿತನಿಗೆ ಫೋನ್ ಮಾಡಿ ಏನಾದರೂ ಹೇಳುವುದುಂಟೇ ಎಂದು ಕೇಳಿದರು. ಅವನು ಏನೂ ಹೇಳದೆ ಫೋನ್ ಇಟ್ಟ.

ಪುಟ ಕತ್ತರಿಸಿದ ವಿಷಯಕ್ಕೆ ಬಂದಾಗ ಅವಳ ಕೈ ನಿಂತಿತು. 'ಪತ್ರಿಕೆಯ ಸಿಬ್ಬಂದಿಯೊಬ್ಬರು' ಎಂದು ಬರೆದು ಚುಕ್ಕೆ ಇಟ್ಟಳು.

"ಅದು ಬೇಡ ಮಗಾ."

ಬಾಗಿಲಲ್ಲಿ ಚೆನ್ನಪ್ಪ. ಒಗೆದ ಬಿಳಿ ಅಂಗಿ. ಕೈಯಲ್ಲಿ ರಾಜೀನಾಮೆ ಪತ್ರ.

"ಹೆಸರು ಹಾಕು," ಎಂದ. "ಹೆಸರಿಲ್ಲದ ಆಧಾರಕ್ಕೆ ಬೆಲೆ ಇಲ್ಲ ಅಂತ ನಿಂಗೆ ಹೇಳಿಕೊಟ್ಟದ್ದು ಯಾರು? ನಾಳೆ ಯಾರೋ ಓದಿ, ಇದೂ ಕಟ್ಟುಕಥೆ ಅಂತ ಹೇಳ್ಬಾರ್ದು. ಅರಸರಿಗೆ ಅಷ್ಟಾದ್ರೂ ಆಗ್ಲಿ."

ರಾಯ್‌ಸ್ಟನ್ ತಲೆ ಆಡಿಸಿದರು. ಭವ್ಯಶ್ರೀ ಆ ಎರಡು ಶಬ್ದ ಅಳಿಸಿ, ಗುರುವಿನ ಹೆಸರು ಬರೆದಳು. ಅದರ ಪಕ್ಕದಲ್ಲಿ ಮೂವತ್ತನಾಲ್ಕು ವರ್ಷದ ಸೇವೆ ಎಂದೂ ಬರೆದಳು. ಚೆನ್ನಪ್ಪ ಓದಿ, ಸರಿ ಉಂಟು ಎಂದ.

* * *

ಗುರುವಾರ ಹನ್ನೊಂದೂವರೆಗೆ ಮನ್ವಿತಾಳ ಫೋನ್.

"ಚಾವಡಿಯಲ್ಲಿ ನಾನೇ ಓದಿ ಹೇಳಿದೆ. ಹಿರಿಯರು ಎದ್ದು ಕೈಮುಗಿದ್ರು. ಪಟ್ಟದ ಮಾತು ಯಾರೂ ಎತ್ತಲಿಲ್ಲ. ಸುಜಿತ್ ಬರ್ಲೇ ಇಲ್ಲ."

"ಅರಸರು?"



"ಮಾವ ಪೇಪರನ್ನು ಎರಡು ಸಲ ಓದಿದ್ರು. ಆ ಹುಡುಗಿಗೆ ಥ್ಯಾಂಕ್ಸ್ ಹೇಳು ಅಂದ್ರು. ಮತ್ತೆ ಹೇಳಿದ್ರು, ಮೊದಲಿನದ್ದು ಓದಿದವರೆಲ್ಲ ಇದನ್ನೂ ಓದ್ತಾರೆ ಅಂತ ಏನು ಗ್ಯಾರಂಟಿ ಅಂತ. ಮೆಟ್ಟಿಲು ಇನ್ನೂ ಇಳೀಲಿಲ್ಲ. ಶಾಲೆಯ ವಾರ್ಷಿಕೋತ್ಸವ ಕಳೆದ ವಾರವೇ ಮುಗಿದು ಹೋಯ್ತಲ್ಲ."

ಭವ್ಯಶ್ರೀ ಕ್ಷಮೆ ಕೇಳಿದಳು. ಮನ್ವಿತಾ ಆಯ್ತು ಎಂದಳು. ಅಷ್ಟೆ.

ಫೈಲ್ ರೂಮಿಗೆ ಇನ್ನೂ ಯಾರೂ ಬಂದಿರಲಿಲ್ಲ. ಕಿಟಕಿಯ ಮೇಲಿನ ಡಬ್ಬಿ ತೆಗೆದಳು. ಐದನೇ ಪುಟದ ಅಂಚಿಗೆ ಚೆನ್ನಪ್ಪನ ಅಂಟು ಸವರಿ, ಬೈಂಡಿನಲ್ಲಿ ಉಳಿದಿದ್ದ ಅಂಚಿಗೆ ಜೋಡಿಸಿ, ಅಂಗೈಯಿಂದ ಒತ್ತಿ ಹಿಡಿದಳು. ಹಾಳೆ ಕೂತಿತು. ಕತ್ತರಿಸಿದ ಗೆರೆ ಮಾತ್ರ ಹಾಗೇ ಕಾಣುತ್ತಿತ್ತು.

ಕಾರ್ಡುಗಳ ಪೆಟ್ಟಿಗೆ ಎಳೆದು 'ತೆಂಕಬೈಲು ಬೀಡು' ಹುಡುಕಿದಳು. ಕಾರ್ಡಿನಲ್ಲಿ ಎರಡು ಸಾಲು. ಮೊದಲನೆಯದು 1999ರ ಜೂನ್ ಹದಿನಾಲ್ಕು. ಎರಡನೆಯದು ಮೂರು ವಾರದ ಹಿಂದಿನ ಭಾನುವಾರ, ಚೆನ್ನಪ್ಪನ ದುಂಡು ಅಕ್ಷರದಲ್ಲಿ: 'ವರದಿ: ಭವ್ಯಶ್ರೀ.' ಅದನ್ನು ಬರೆಯುವಾಗ ಅವನಿಗೆ ಎಷ್ಟು ಹೆಮ್ಮೆಯಾಗಿತ್ತೋ, ಹೆಸರಿನ ಕೆಳಗೆ ಒಂದು ಗೆರೆ ಎಳೆದಿದ್ದ.

ಮೇಜಿನ ಡ್ರಾಯರಿನಲ್ಲಿ ಅವನ ಕೆಂಪು ಪೆನ್ನು ಇತ್ತು. ಮೊದಲ ಸಾಲಿನ ಮುಂದೆ ಬರೆದಳು: 'ತಿದ್ದುಪಡಿ ನೋಡಿ.' ಎರಡನೇ ಸಾಲಿನ ಮುಂದೆ, ತನ್ನ ಹೆಸರಿನ ಪಕ್ಕದಲ್ಲಿ, ಅದನ್ನೇ ಇನ್ನೊಮ್ಮೆ ಬರೆದಳು. ಶಾಯಿ ಒಣಗುವ ತನಕ ಕಾರ್ಡನ್ನು ಕೈಯಲ್ಲೇ ಹಿಡಿದು ನಿಂತಳು.